ಕಾಟಾದ ಮ್ಯಾಲೆ ಮಗಳು

ಬಳ್ಳಾರಿಯ ಬ್ರೂಸ್‌ಪೇಟೆಯಾಗ ನಮ್ದು ಒಣಮೆಣಸಿನಕಾಯಿ ಅಂಗಡಿ. ಏನೇ ಇರಲಿ, ಕಾಟಾಕ್ಕ ಹಾಕಿ ತೂಗಿದ್ಮ್ಯಾಲೇ ನಂಬೋ ಜನ ನಾವು. ಅದಕ್ಕ ಮಗಳನ್ನೂ ತೂಗಿದೆ. ಹೇಳಾಕ ನಾಚಿಕಿ ಆಗ್ತೈತಿ.

ಕಾಲೇಜಿಗೆ ಹೋಗೋ ವಯಸ್ಸಿನಾಗ ಆಕಿ ದಪ್ಪ ಇದ್ಲು. ಸ್ವಲ್ಪ ಅಲ್ಲ, ದಪ್ಪ ಅಂದ್ರ ದಪ್ಪನ. ಆದ್ರ ಅದೇ ಮೈ ಹೊತ್ಕೊಂಡು ಖೋಖೋದಾಗ ಸಣಕಲ ಹುಡುಗ್ಯಾರನ್ನ ಅಟ್ಟಿಸಿ ಹಿಡೀತಿದ್ಲು. ಪಾರ್ವತಿನಗರದ ಮನಿಯಿಂದ ಕಾಲೇಜಿಗೆ ಸೈಕಲ್ ಮ್ಯಾಲೇ ಹೋಗಾಕಿ. ಕುರುಗೋಡಿನ ನನ್ನ ತವರಿಗೆ ಹೋದಾಗ ನಾವು ಗುಡ್ಡದ ಅರ್ಧಕ್ಕ ಕುಂತು ದಮ್ಮು ತಗೊಳ್ಳೋದ್ರಾಗ ಆಕಿ ಮ್ಯಾಲೆ ಹೋಗಿ ಇಳಿದು ಬಂದು, "ಏಳ್ರಿ ಏಳ್ರಿ, ಮುದುಕೇರ" ಅಂತ ಕಾಡತಿದ್ಲು.

ಸಿರುಗುಪ್ಪದಿಂದ ಕನ್ಯಾ ನೋಡಾಕ ಬಂದವರು ಕೇಸರಿಬಾತು ಎರಡೆರಡು ಸಲ ಹಾಕಿಸ್ಕೊಂಡು ತಿಂದು, "ಎಲ್ಲಾ ಚಲೋ ಐತ್ರಿ, ಹುಡುಗಿ ಸ್ವಲ್ಪ ದಪ್ಪ ಆತು" ಅಂದು ಎದ್ದು ಹೋದ್ರು. ನನ್ನ ತಲಿ ಕೆಟ್ಟುಹೋತು. ಮರುದಿನದಿಂದ ಆಕಿಗೆ ಅರ್ಧ ರೊಟ್ಟಿ. ಖೋಖೋ ಬಂದ್. ಬಿಸಿಲಿಗೆ ಮೈ ಕಪ್ಪಾಗ್ತೈತಿ, ಆಡಿ ಬಂದ್ರ ಹಸಿವು ಹೆಚ್ಚಾಗ್ತೈತಿ ಅನ್ನೋದು ನನ್ನ ಬುದ್ಧಿ. ಸೈಕಲ್ ಯಾರಿಗೋ ಕೊಟ್ಟುಬಿಟ್ಟೆ. ಸೋಮವಾರಕ್ಕೊಮ್ಮೆ ಗೋದಾಮಿಗೆ ಕರಕೊಂಡು ಹೋಗಿ, ಮೆಣಸಿನಕಾಯಿ ಚೀಲ ಇಳಿಸಿ, ಅದೇ ಕಾಟಾದ ಮ್ಯಾಲೆ ಆಕಿನ ನಿಂದ್ರಸ್ತಿದ್ದೆ. ಹಮಾಲರು ಮುಖ ಆ ಕಡಿ ತಿರುಗಿಸ್ಕೊಂತಿದ್ರು. ಅವರಿಗಿದ್ದ ಮರ್ಯಾದಿ ನನಗ ಇರಲಿಲ್ಲ.

ಹನ್ನೊಂದು ಕಿಲೋ ಇಳೀತು. ಅದೇ ಮಂದಿ ಮತ್ತ ಬಂದು ಒಪ್ಪಿಕೊಂಡ್ರು. ಮದುವಿಗೆ ಬಂದವರಿಗೆಲ್ಲ, "ನೋಡ್ರಿ, ಮಗಳನ್ನ ಹೆಂಗ ಇಳಿಸೀನಿ" ಅಂತ ಜಂಬ ಕೊಚ್ಚಿದೆ. ಎಂಥಾ ತಾಯಿ ನಾನು.

ಎರಡು ಹೆರಿಗಿ ಆದ್ವು. ಇಳಿಸಿದ ತೂಕ ತಿರುಗಿ ಬಂತು, ಇನ್ನಷ್ಟನ್ನ ಜೊತಿಗೆ ಕರಕೊಂಡು ಬಂತು. ಓಡೋ ಕಾಲು ಮಾತ್ರ ತಿರುಗಿ ಬರಲಿಲ್ಲ. ಮೂವತ್ತಾರಕ್ಕ ಶುಗರ್, ಬಿಪಿ ಎರಡೂ ಶುರುವಾದ್ವು. ಹೋದ ಬ್ಯಾಸಿಗಿಯಾಗ ನಾನೇ ಆಕಿನ ನಮ್ಮೂರಿನ ಒಬ್ಬ ಡಾಕ್ಟರ ಹತ್ರ ಕರಕೊಂಡು ಹೋದೆ. ವಯಸ್ಸಾದ ಮನುಷ್ಯ, ಸಮಾಧಾನದಿಂದ ಹೇಳಿದ್ರು: "ತೂಕ ಒಂದನ್ನೇ ನೋಡಬ್ಯಾಡ್ರಿ. ಮೈ ದಪ್ಪ ಇದ್ರೂ ಓಡಾಡಿ ಗಟ್ಟಿ ಇದ್ದವರ ಹೃದಯ ಎಷ್ಟೋ ತಡಕೊಂತೈತಿ. ತೂಕಾನೂ ಹೆಚ್ಚಾಗಿ ದಮ್ಮೂ ಹೋತಂದ್ರ, ಮುಂದ ಎರಡೂ ಕೂಡಿ ಕಾಡ್ತಾವ." ಆಮ್ಯಾಲೆ ಮಗಳ ಕಡಿ ತಿರುಗಿ ಕೇಳಿದ್ರು: "ಮೊದ್ಲು ಆಟ, ಓಟ ಏನಾದ್ರೂ ಇತ್ತೇನಮ್ಮ?"

ಆಕಿ ನನ್ನ ಮುಖ ನೋಡಿದ್ಲು. ಆಕಿ ಬಾಯಿ ತೆಗೆಯೋದ್ರಾಗ ನಾನು ಅಂದುಬಿಟ್ಟೆ: "ಇಲ್ರೀ ಡಾಕ್ಟ್ರ, ಸಣ್ಣಾಕಿ ಇದ್ದಾಗಿಂದ ಕುಂತಲ್ಲೇ ಕುಂದ್ರಾಕಿ."

ಅವರು ಹಂಗೇ ಬರಕೊಂಡ್ರು. ಯಾಕ ಹಂಗಂದೆ? ತಪ್ಪು ನಂದು ಅಂತ ಆ ಮನುಷ್ಯಗ ಗೊತ್ತಾಗಬಾರದು ಅಂತ, ಅಷ್ಟ.

ಹೊರಗ ಬಂದು ಮೆಟ್ಲ ಇಳಿಯೋವಾಗ ಆಕಿ ನಡುವ ನಿಂತು ಏದುಸಿರು ಬಿಟ್ಲು. "ಅವ್ವ, ಒಳಗ ಹೋಗಿ ಖರೇ ಹೇಳಿ ಬಾ. ನಾ ಓಡ್ತಿದ್ದೆ ಅಂತ ಹೇಳು" ಅಂದ್ಲು. ದನಿಯಾಗ ಸಿಟ್ಟಿರಲಿಲ್ಲ.

"ಪಾಳಿ ಬಹಳ ಐತಿ, ಮುಂದಿನ ಸಲ ಹೇಳೋಣ" ಅಂದು ಆಟೋ ಕರೆದೆ.

ಮುಂದಿನ ಸಲ ದವಾಖಾನಿಗೆ ಹೋಗಾಕ ಆಕಿ ನನ್ನ ಕರೀಲಿಲ್ಲ. ಈಗಲೂ ಕರಿಯೋದಿಲ್ಲ.