ಪರಿಚಯ ಮಾಡಿಕೊಡುವ ಗೌಸುಸಾಬ

ರೋಣ ತಾಲೂಕಿಗೆ ಬಂದ ಯಾವ ಗಣ್ಯ ವ್ಯಕ್ತಿಯೂ ಶ್ರೀಮಂತರ ಮನೆಯಲ್ಲಿ ಹುಟ್ಟಿದ್ದಿಲ್ಲ. ಹುಟ್ಟಿದ್ದರೂ ಗೌಸುಸಾಬ ಅದನ್ನು ನಡೆಯಗೊಡುತ್ತಿರಲಿಲ್ಲ. ಮೈಕಿನ ಮುಂದೆ ನಿಂತು, ಎಡಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು, 'ಕಡು ಬಡತನದಲ್ಲಿ ಕಣ್ಣು ತೆರೆದು, ಬೀದಿ ದೀಪದ ಕೆಳಗೆ ಅಕ್ಷರ ಕಲಿತು' ಎಂದು ಅವನು ಶುರು ಮಾಡಿದನೆಂದರೆ ಸಕ್ಕರೆ ಕಾರ್ಖಾನೆಯ ಮಾಲೀಕರಿಗೂ, ಬ್ಯಾಂಕಿನ ದೊಡ್ಡ ಅಧಿಕಾರಿಗೂ, ರಾಜಧಾನಿಯಲ್ಲಿ ಕೂತು ನೀರಾವರಿ ನೀತಿ ಬರೆಯುವ ಪಂಡಿತರಿಗೂ, ಸೇವಾ ಸಂಸ್ಥೆ ನಡೆಸುವ ಅಮ್ಮನವರಿಗೂ ಒಂದೇ ಬೀದಿ ದೀಪ. ಜಡ್ಜರ ಮಗನಾಗಿ ಬಂಗಲೆಯಲ್ಲಿ ಬೆಳೆದ ಬ್ಯಾಂಕ್ ಸಾಹೇಬರೊಬ್ಬರು ಒಮ್ಮೆ ತಮ್ಮ ಪರಿಚಯ ಕೇಳಿ ವೇದಿಕೆಯ ಮೇಲೆಯೇ ಕಣ್ಣೊರೆಸಿಕೊಂಡಿದ್ದರು. ಅದು ಸುಳ್ಳೆಂದು ಯಾರೂ ಅನ್ನುತ್ತಿರಲಿಲ್ಲ. ನಮ್ಮ ಕಡೆ ಮದುಮಗನಿಗೆ ಬಾಸಿಂಗ ಕಟ್ಟುತ್ತೇವಲ್ಲ, ಅತಿಥಿಗೆ ಬಡತನ ಕಟ್ಟುವುದೂ ಹಾಗೆಯೇ ಒಂದು ಮರ್ಯಾದೆ.

ಗೌಸುಸಾಬ ಮೊದಲು ಬೋರ್ಡು ಬರೆಯುವವನು. ರೋಣದ ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ ಅವನ ಅಂಗಡಿ. ಸಭೆ ಸಮಾರಂಭಗಳ ಬಟ್ಟೆಯ ಬ್ಯಾನರುಗಳೆಲ್ಲ ಅವನ ಕುಂಚದಿಂದಲೇ ಆಗಬೇಕಿತ್ತು. ಅತಿಥಿಯ ಹೆಸರು, ಅದರ ಕೆಳಗೆ ಪದವಿ, ಅದರ ಕೆಳಗೆ ಹಿಂದೆ ಯಾವ ಕಂಪನಿಗೆ ಮುಖ್ಯಸ್ಥ, ಈಗ ಯಾವ ಮಂಡಳಿಗೆ ಸದಸ್ಯ. ಬರೆದು ಬರೆದು ದೊಡ್ಡವರ ಜಾತಕವೆಲ್ಲ ಅವನಿಗೆ ಬಾಯಿಪಾಠ. ಒಂದು ಸಮಾರಂಭದಲ್ಲಿ ಪರಿಚಯ ಮಾಡಬೇಕಾದ ಮಾಸ್ತರರು ಕೈಕೊಟ್ಟರು. ಬ್ಯಾನರು ಬರೆದವನಿಗೆ ಎಲ್ಲ ಗೊತ್ತಲ್ಲ ಎಂದು ಇವನನ್ನೇ ಮೈಕಿಗೆ ತಳ್ಳಿದರು. ಅಂದಿನಿಂದ ರೋಣ, ನರೇಗಲ್, ಗಜೇಂದ್ರಗಡ, ಎಲ್ಲಿ ಹಾರ ತುರಾಯಿ ಇದ್ದರೂ ಅಲ್ಲಿ ಗೌಸುಸಾಬ. ಫ್ಲೆಕ್ಸು ಬಂದು ಕುಂಚ ಒಣಗಿದಾಗ ಅವನನ್ನು ಉಳಿಸಿದ್ದು ಈ ನಾಲಿಗೆಯೇ. ಇಷ್ಟಾದರೂ ವಂದನಾರ್ಪಣೆ ಮಾಡುವವರು ಪೆಂಡಾಲಿನವರನ್ನು, ಮೈಕಿನವರನ್ನು, ಉಪ್ಪಿಟ್ಟು ಮಾಡಿದವರನ್ನು ನೆನೆದು ಇವನನ್ನು ಮರೆತುಬಿಡುತ್ತಿದ್ದರು. ಅವನು ಅದಕ್ಕೆ ತಲೆ ಕೆಡಿಸಿಕೊಂಡವನಲ್ಲ.

ತಲೆ ಕೆಟ್ಟಿದ್ದು ಹೆಂಡತಿಯ ಕಿಡ್ನಿ ಕೆಟ್ಟ ಮೇಲೆ. ಕಮರುನ್ನಿಸಾ ಗಜೇಂದ್ರಗಡದವಳು. ಅಲ್ಲಿ ನೇಕಾರರ ಓಣಿಯಲ್ಲಿ ಬೆಳೆದವಳು, ಹುಡುಗಿಯಾಗಿದ್ದಾಗ ಅವರ ಮನೆಗಳಿಗೆ ಮಗ್ಗದ ಲಾಳಿಗೆ ಹಾಕುವ ರೇಷ್ಮೆ ನೂಲಿನ ಕಂಡಿಕೆ ಸುತ್ತಿಕೊಡುತ್ತಿದ್ದಳು. ಗಟ್ಟಿ ಜೀವ. ಈಗ ದಿನ ಬಿಟ್ಟು ದಿನ ಗದಗಿನ ಬಸ್ಸು ಹತ್ತಿ ಹೋಗಿ ಮಷೀನಿನ ಪಕ್ಕ ಮಲಗಬೇಕು. ಹೋಗುವಾಗ ಮೈತುಂಬ ನೀರು ನಿಂತು ಉಸಿರು ಸಿಗುವುದಿಲ್ಲ. ಬರುವಾಗ ಮೈಯಲ್ಲಿ ತ್ರಾಣವೇ ಇರುವುದಿಲ್ಲ. ಎರೆಹೊಲದ ನಡುವಿನ ಆ ರಸ್ತೆಯ ಪ್ರತಿ ತಗ್ಗೂ ಅವಳ ಎಲುಬಿಗೆ ಗೊತ್ತು. ಕಿಟಕಿಯಿಂದ ತಲೆ ಹೊರಹಾಕಿ ವಾಂತಿ ಮಾಡಿಕೊಳ್ಳುತ್ತ, ಹಿಂದಿನ ಸೀಟಿನವರ ಬೈಗುಳ ಕೇಳುತ್ತ, ಒಂದು ದಿನ ಅವಳು ಸುಮ್ಮನೆ ಹೇಳಿದಳು.

"ಸಾಕ್ರಿ. ಇನ್ನ ನನ್ನಿಂದ ಆಗೂದಿಲ್ಲ. ಮನ್ಯಾಗ ಬಿದ್ದಿರತೀನಿ, ಏನ ಆಗೂದು ಆಗ್ಲಿ."

ಬಿಟ್ಟರೆ ಏನಾಗುತ್ತದೆಂದು ದವಾಖಾನಿಯವರು ಇಬ್ಬರಿಗೂ ಬಿಡಿಸಿ ಹೇಳಿದ್ದರು. ಒಂದು ವಾರ ಕೂಡ ದಾಟುವುದು ಕಷ್ಟ. ಗೌಸುಸಾಬ ಆಗ ಊರಿನ ಹಿರಿಯರಾದ ಅಂದಾನಪ್ಪನವರಿಂದ ಕೇಳಿದ ಸುದ್ದಿಯನ್ನು ಅವಳಿಗೆ ಹೇಳಿದ. ರೋಣದಲ್ಲೇ ಡಯಾಲಿಸಿಸ್ ಕೇಂದ್ರ ಆಗುತ್ತದಂತೆ, ಯಾವುದೋ ದೊಡ್ಡ ಪ್ರತಿಷ್ಠಾನದವರು ಮಷೀನು ಕೊಡುತ್ತಾರಂತೆ. ಆ ಒಂದು ಮಾತಿನ ಮೇಲೆ ಕಮರುನ್ನಿಸಾ ಮತ್ತೆ ಬಸ್ಸು ಹತ್ತತೊಡಗಿದಳು. ನಮ್ಮ ಊರಾಗ ಆಗೂತನಕಾ ತಡೀತೀನಿ ಅಂದಳು.

ಅಂದಾನಪ್ಪ ಹತ್ತಿ ವ್ಯಾಪಾರಸ್ಥರು, ಊರಿನ ಸ್ವಾಗತ ಸಮಿತಿಗೆ ಕಾಯಂ ಅಧ್ಯಕ್ಷರು. ಅರ್ಜಿ ಬರೆದು ಕಳಿಸಿದ್ದೂ ಅವರೇ. ಪ್ರತಿಷ್ಠಾನದ ಮುಖ್ಯಸ್ಥ ಸಂಜೀವಕುಮಾರ ಎಂಬವರು ಖುದ್ದಾಗಿ ಬಂದು ನೋಡಿ, ರೋಣಕ್ಕೋ ಇನ್ನೊಂದು ತಾಲೂಕಿಗೋ ಎಂದು ತೀರ್ಮಾನಿಸುವುದಿತ್ತು. ಮಾರ್ಕೆಟ್ಟಿನಲ್ಲಿ ಹತ್ತಿ ಅಂಡಿಗೆಗಳ ನಡುವೆ ಗೌಸುಸಾಬನನ್ನು ಕೂರಿಸಿಕೊಂಡು ಅಂದಾನಪ್ಪ ಹೇಳಿದರು.

"ಗೌಸು, ಈ ಸಲ ಪರಿಚಯ ಹ್ಯಾಂಗಿರಬೇಕಂದ್ರ, ಆ ಮನಿಶ್ಯಾನ ಎದಿ ಕರಗಬೇಕು. ಈಗಿಂದೀಗ ವೇದಿಕಿ ಮ್ಯಾಲೇ 'ರೋಣಕ್ಕ ಕೊಟ್ಟೆ' ಅನ್ನಬೇಕು."

"ನೀವು ಹೇಳಬೇಕೇನ್ರಿ, ಅಂದಾನಪ್ಪನವರ? ನನ್ನ ಹೆಣ್ತಿ ಜೀವಾ ಐತಿ ಅದ್ರಾಗ."

ಬೆಂಗಳೂರಿನಿಂದ ಸಾಹೇಬರ ವಿವರ ಫೋನಿಗೆ ಬಂತು. ಗೌಸುಸಾಬ ಅಂಗಡಿಯ ಮೆಟ್ಟಿಲ ಮೇಲೆ ಕೂತು ಓದಿದ. ಓದಿದಷ್ಟೂ ಅವನ ಮುಖ ಸಪ್ಪೆಯಾಯಿತು. ಲೆಕ್ಕ ತಪಾಸಣೆಯ ಸಂಸ್ಥೆಯಲ್ಲಿ ವೃತ್ತಿ ಆರಂಭ. ನಂತರ ಬ್ಯಾಂಕಿನಲ್ಲಿ ಹಣಕಾಸು ಮುಖ್ಯಸ್ಥ. ನಂತರ ಸರ್ಕಾರದ ಆರೋಗ್ಯ ನೀತಿ ಸಮಿತಿಯ ಸದಸ್ಯ. ಈಗ ಪ್ರತಿಷ್ಠಾನ. ಅವ್ವ ಇಲ್ಲ, ಅಪ್ಪ ಇಲ್ಲ, ಹಸಿವೆ ಇಲ್ಲ, ಒಂದು ಹನಿ ಕಣ್ಣೀರಿಲ್ಲ. ಇದನ್ನು ಓದಿದರೆ ಯಾರ ಎದೆ ಕರಗಬೇಕು? ಲೆಕ್ಕ ತಪಾಸಣೆ ಎಂಬ ಮೊದಲ ಸಾಲನ್ನಂತೂ ಅವನು ಅಲ್ಲಿಯೇ ಬಿಟ್ಟುಬಿಟ್ಟ. ಅದರಿಂದ ಕತೆ ಹುಟ್ಟುವುದಿಲ್ಲ ಎಂಬುದು ಅವನ ಅನುಭವ. ಬಿಡಬಾರದ ಸಾಲು ಅದೊಂದೇ ಆಗಿತ್ತು, ಆದರೆ ಅದು ಅವನಿಗೆ ಹೇಗೆ ತಿಳಿಯಬೇಕು?

ಬೀದಿ ದೀಪ ಸಾಲದು ಅನ್ನಿಸಿತು. ಮಲಪ್ರಭೆ ಉಕ್ಕಿ ಮೆಣಸಗಿಗೆ ನೀರು ನುಗ್ಗಿದ ವರ್ಷ ಈ ಪ್ರತಿಷ್ಠಾನದವರು ಕಂಬಳಿ ಕಳಿಸಿದ್ದರೆಂದು ಅಂದಾನಪ್ಪ ಹೇಳಿದ್ದು ನೆನಪಾಯಿತು. ಆಗ ಗೌಸುಸಾಬನೂ ಅಲ್ಲಿಗೆ ಹೋಗಿದ್ದ, ಗಂಜಿ ಕೇಂದ್ರದಲ್ಲಿ ಮೈಕು ಹಿಡಿದು ಜನರನ್ನು ಕರೆಯುವ ಕೆಲಸಕ್ಕೆ. ಎದೆಮಟ್ಟದ ನೀರಿನಲ್ಲಿ ಒಬ್ಬ ಮನುಷ್ಯ ಎದ್ದು ಕೂರಲಾಗದ ಮುದುಕಿಯನ್ನು ಬೆನ್ನ ಮೇಲೆ ಹೊತ್ತು, ಹಲ್ಲು ಕಚ್ಚಿ ದಾಟಿ ಬಂದದ್ದನ್ನು ಕಣ್ಣಾರೆ ಕಂಡಿದ್ದ. ಯಾರವನು, ಹೆಸರೇನು, ಕೇಳಿರಲಿಲ್ಲ. ದೃಶ್ಯ ಮಾತ್ರ ಮನಸ್ಸಿನಲ್ಲಿ ಅಚ್ಚೊತ್ತಿತ್ತು. ಅದನ್ನೆತ್ತಿ ಸಂಜೀವಕುಮಾರರ ಬೆನ್ನಿಗೆ ಕಟ್ಟಿದ. ಪಾಪ, ಕೆಟ್ಟ ಬುದ್ಧಿಯಿಂದ ಅಲ್ಲ. ಮುಳುಗುವವನ ಕೈಗೆ ಏನು ಸಿಕ್ಕಿತೋ ಅದನ್ನು ಹಿಡಿದ.

ಸಮಾರಂಭದ ದಿನ ಕಲ್ಯಾಣ ಮಂಟಪ ಕಿಕ್ಕಿರಿದಿತ್ತು. ಕಿಡ್ನಿ ರೋಗಿಗಳನ್ನೂ ಅವರ ಮನೆಯವರನ್ನೂ ಹಳ್ಳಿಹಳ್ಳಿಗಳಿಂದ ಟೆಂಪೋ ಮಾಡಿ ಕರೆಸಿ ಮುಂದಿನ ಸಾಲಿನಲ್ಲೇ ಕೂರಿಸಿದ್ದರು, ಸಾಹೇಬರ ಕಣ್ಣಿಗೆ ಬೀಳಲಿ ಎಂದು. ಕಮರುನ್ನಿಸಾ ಬಂದಿರಲಿಲ್ಲ, ಹಿಂದಿನ ದಿನವಷ್ಟೇ ಗದಗಿಗೆ ಹೋಗಿ ಬಂದು ಏಳಲಾರದೆ ಮಲಗಿದ್ದಳು. ಸಂಜೀವಕುಮಾರ ಎಂದರೆ ತೆಳ್ಳನೆಯ, ತಣ್ಣನೆಯ ಮನುಷ್ಯ. ಪೇಟ ಸುತ್ತಿಸಿಕೊಳ್ಳುವಾಗಲೂ ಕೈಗಡಿಯಾರ ನೋಡಿಕೊಂಡರು. ಗೌಸುಸಾಬ ಮೈಕಿನ ಮುಂದೆ ಬಂದ. ಬಡತನ ಹೇಳಿದ, ಬೀದಿ ದೀಪ ಹಚ್ಚಿದ. ಆಮೇಲೆ ದನಿ ತಗ್ಗಿಸಿ ಮೆಣಸಗಿಯ ನೀರಿಗೆ ಇಳಿದ.

"ಎದೆಮಟ್ಟದ ಪ್ರವಾಹ. ದಡದಲ್ಲಿ ನಿಂತವರು ಬೇಡ ಬೇಡವೆಂದು ಕೂಗುತ್ತಿದ್ದಾರೆ. ಆದರೆ ಹಾಸಿಗೆ ಹಿಡಿದ ಆ ತಾಯಿಯನ್ನು ಬೆನ್ನ ಮೇಲೆ ಹೊತ್ತು, ಹಲ್ಲು ಕಚ್ಚಿ, ಒಂದೊಂದೇ ಹೆಜ್ಜೆ ಇಡುತ್ತ ದಾಟಿ ಬಂದ ಆ ಮಗ ಯಾರು? ಇದೇ ಸಂಜೀವಕುಮಾರ ಸಾಹೇಬರು."

ಮಂಟಪ ಚಪ್ಪಾಳೆಯಿಂದ ತುಂಬಿತು. ಅಂದಾನಪ್ಪ ಕಣ್ಣಲ್ಲೇ ಶಾಬಾಸ್ ಅಂದರು. ಚಪ್ಪಾಳೆ ನಿಂತಾಗ ಮುಂದಿನ ಸಾಲಿನಲ್ಲಿ ಒಬ್ಬ ಮುದುಕ ಎದ್ದು ನಿಂತಿದ್ದ. ಮೆಣಸಗಿಯ ಗೋಣೆಪ್ಪ. ಅವನೂ ಗದಗಿನ ಬಸ್ಸಿನವನೇ, ಸೂಜಿ ಚುಚ್ಚಿಸಿಕೊಂಡು ಉಬ್ಬಿದ ಎಡಗೈಯನ್ನು ಬಲಗೈಯಲ್ಲಿ ಹಿಡಿದುಕೊಂಡಿದ್ದ. ಜಗಳ ಮಾಡುವ ದನಿಯಲ್ಲ ಅವನದು.

"ಗೌಸುಸಾಬ್ರ, ತಪ್ಪ ತಿಳೀಬ್ಯಾಡ್ರಿ. ನಮ್ಮವ್ವನ್ನ ಹೊತ್ತಾಂವ ನನ್ನ ತಮ್ಮ ಅಜ್ಜಪ್ಪರಿ. ಅದ ಥಂಡಿ ಹತ್ತಿ ಜ್ವರಾ ಬಂದು ತೀರಿಕೊಂಡ. ಅಂವಂದು ಅಂತ ಊರಾಗ ಅದೊಂದ ಉಳದೈತ್ರಿ. ಅದನ್ನ ಮಂದಿಗಿ ಕೊಡಬ್ಯಾಡ್ರಿ."

ಇಷ್ಟು ಹೇಳಿ ಗೋಣೆಪ್ಪ ಕೂತ. ಕೂತ ಮೇಲೆ ತಾನು ಏನು ಮಾಡಿದೆನೆಂದು ಹೊಳೆದಿರಬೇಕು, ತಲೆ ಮೇಲೆತ್ತಲಿಲ್ಲ. ಆ ಮಷೀನು ಅವನಿಗೂ ಬೇಕಾಗಿತ್ತು. ಗೌಸುಸಾಬ ಮೈಕು ಬಿಟ್ಟು ಹಿಂದೆ ಸರಿದ. ಇಷ್ಟು ವರ್ಷಗಳಲ್ಲಿ ಅವನು ಕಟ್ಟಿದ ಬಡತನಕ್ಕೆಲ್ಲ ವಾರಸುದಾರರಿರಲಿಲ್ಲ, ಯಾರೂ ಎದ್ದು ಇದು ನಮ್ಮದು ಅಂದಿರಲಿಲ್ಲ. ಈ ಸಲ ಅವನು ಒಬ್ಬ ಸತ್ತವನ ಆಸ್ತಿಯನ್ನೇ ಎತ್ತಿ ಕೊಟ್ಟುಬಿಟ್ಟಿದ್ದ.

ಸಂಜೀವಕುಮಾರ ಎದ್ದು ಬಂದರು. ಪೇಟ ತೆಗೆದು ಮೇಜಿನ ಮೇಲಿಟ್ಟರು.

"ನಾನು ಆ ಊರನ್ನು ನೋಡಿಯೇ ಇಲ್ಲ. ನಮ್ಮ ತಂದೆ ವೈದ್ಯರು, ಬಡತನವೂ ಇರಲಿಲ್ಲ. ನಾನು ವೃತ್ತಿ ಶುರು ಮಾಡಿದ್ದು ಲೆಕ್ಕ ತಪಾಸಣೆಯಲ್ಲಿ. ಒಂದು ಕಡೆ ಸುಳ್ಳು ಸಿಕ್ಕರೆ ಉಳಿದದ್ದನ್ನೂ ನಂಬಬಾರದು ಅನ್ನುವುದು ನಮಗೆ ಕಲಿಸಿದ ಮೊದಲ ಪಾಠ. ಈ ಊರಿನ ಅರ್ಜಿಯಲ್ಲಿ ಇಷ್ಟು ಜನ ರೋಗಿಗಳಿದ್ದಾರೆಂದು ಬರೆದಿದ್ದೀರಿ. ನನ್ನ ಬಗ್ಗೆಯೇ ಇಷ್ಟು ಹೇಳಿದವರು ಅವರ ಬಗ್ಗೆ ಎಷ್ಟು ಹೇಳಿರಬಹುದು? ದಯವಿಟ್ಟು ಕ್ಷಮಿಸಿ."

ಮಾತಿನಲ್ಲಿ ತಪ್ಪಿರಲಿಲ್ಲ, ಅದೇ ಹೊಟ್ಟೆ ಉರಿಸುವ ಸಂಗತಿ. ರೋಗಿಗಳು ಎದುರಿಗೇ ಕೂತಿದ್ದರು, ಬಾತ ಮುಖ ಹೊತ್ತು, ಚುಚ್ಚಿದ ಕೈ ಮುಚ್ಚಿಕೊಂಡು. ಕಣ್ಣೆತ್ತಿ ನೋಡಿದ್ದರೆ ಸಾಕಿತ್ತು. ಸಾಹೇಬರು ನೋಡಿದ್ದು ಗಡಿಯಾರವನ್ನು.

ಕಾರಿನ ಬಾಗಿಲು ಹಾಕುವಷ್ಟರಲ್ಲಿ ಗೌಸುಸಾಬ ಓಡಿ ಬಂದು ಕಿಟಕಿ ಹಿಡಿದುಕೊಂಡ. ಟೋಪಿ ಎಲ್ಲೋ ಬಿದ್ದಿತ್ತು.

"ಸಾಹೇಬ್ರ, ತಪ್ಪು ನನ್ನೊಬ್ಬಂದು. ಅರ್ಜಿ ಖರೇ ಐತ್ರಿ. ನನ್ನ ಹೆಣ್ತಿ ಕಮರುನ್ನಿಸಾ ಅಂತ, ದಿನಾ ಬಿಟ್ಟು ದಿನಾ ಗದಗಿಗೆ ಹೊಕ್ಕಾಳ್ರಿ. ಆ ಬಸ್ಸಿನ್ಯಾಗ ಆಕಿ ಜೀವಾ ಅರ್ಧಾ ಹೋಗೇತ್ರಿ. ಬ್ಯಾಡ ಅನ್ನಾಕತ್ಯಾಳ. ಇಲ್ಲೇ ಹತ್ರ ಮನಿ, ಬಂದು ನೋಡ್ರಿ. ಸಾಹೇಬ್ರ, ನಿಮ್ಮ ಕಾಲಿಗೆ ಬೀಳ್ತೀನಿ."

ಸಂಜೀವಕುಮಾರ ಕಿಟಕಿಯ ಗಾಜು ಪೂರ್ತಿ ಇಳಿಸಿ ಅವನನ್ನು ನೋಡಿದರು. ಸಿಟ್ಟಿರಲಿಲ್ಲ, ಒಂದಿಷ್ಟು ಮರುಕವೂ ಇದ್ದಂತಿತ್ತು.

"ನೀವು ತುಂಬ ಚೆನ್ನಾಗಿ ಮಾತಾಡುತ್ತೀರಿ. ಆಗಲೂ ಹೀಗೇ ಚೆನ್ನಾಗಿ ಹೇಳಿದಿರಿ. ಇದನ್ನು ನಾನು ಹೇಗೆ ನಂಬಲಿ ಹೇಳಿ?"

ಖರೆ ಮಾತಿಗೆ ಬೇರೆ ದನಿ ಇರಬೇಕಿತ್ತು, ಅದು ಗೌಸುಸಾಬನ ಹತ್ತಿರ ಇರಲಿಲ್ಲ. ಅತ್ತರೂ ವೇದಿಕೆಯ ಮೇಲೆ ಅತ್ತ ಹಾಗೆಯೇ ಕಾಣುತ್ತಿತ್ತು. ಕಾರು ಗದಗಿನ ರಸ್ತೆಗೆ ಹೊರಳಿತು. ಮಷೀನು ಬೇರೆ ತಾಲೂಕಿಗೆ ಎಂದು ಸಂಜೆಯೊಳಗೆ ಅಂದಾನಪ್ಪನವರಿಗೆ ಫೋನು ಬಂತು. ಅಂದಾನಪ್ಪ ಅವನನ್ನು ಬೈಯಲಿಲ್ಲ, ಮುಖ ತಿರುಗಿಸಿ ಒಳಗೆ ಹೋದರು. ಬೈದಿದ್ದರೆ ಚಲೋ ಆಗುತ್ತಿತ್ತು.

ಮನೆಗೆ ಹೋಗಲು ಅವನಿಗೆ ಕಾಲು ಬರಲಿಲ್ಲ. ಊರೆಲ್ಲ ಸುತ್ತಿ, ಹೊತ್ತು ಮುಳುಗಿ ಮಗ್ರಿಬ್ ಅಜಾನ್ ಮುಗಿದ ಮೇಲೆ ಹೊಸ್ತಿಲು ದಾಟಿದ. ಕಮರುನ್ನಿಸಾ ಗೋಡೆಗೆ ಒರಗಿ ಕೂತಿದ್ದಳು. ಬಾತ ಕಾಲುಗಳನ್ನು ಮುಂದೆ ಚಾಚಿ, ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು, ಕಂಡಿಕೆ ಸುತ್ತಿದ ಹಾಗೆ.

"ಏನಾತ್ರಿ? ನಮ್ಮೂರಿಗೆ ಬರತೈತೇನು?"

ಖರೆ ಹೇಳಿದರೆ ನಾಳೆ ಅವಳು ಏಳುವುದಿಲ್ಲ. ಅದು ಅವನಿಗೆ ಗೊತ್ತಿತ್ತು. ಗೌಸುಸಾಬ ಅವಳ ಎದುರು ಕೂತ. ಎಡಗೈ ತಾನಾಗಿಯೇ ಬೆನ್ನ ಹಿಂದೆ ಹೋಯಿತು.

"ಬರತೈತಿ. ಸಾಹೇಬ್ರು ವೇದಿಕಿ ಮ್ಯಾಲೇ ಹೇಳಿದ್ರು. ಜಾಗಾನೂ ನೋಡ್ಯಾರ. ಕಿಟಕಿ ಅದಾವಂತ, ಫ್ಯಾನ್ ಹಾಕ್ತಾರಂತ. ನಡಕೊಂತ ಹೋಗಿ ನಡಕೊಂತ ಬರಬೌದು. ಯುಗಾದಿ ಆಜೂಬಾಜೂ ಸುರು ಆಗತೈತಿ, ಅಲ್ಲೀತನಕಾ ತಡಕೋ."

ಅವಳು ಕೇಳುತ್ತ ಕೂತಳು. ಫ್ಯಾನು ಎಷ್ಟು ಹಾಕುತ್ತಾರೆಂದು ಕೇಳಿದಳು. ಅದಕ್ಕೂ ಅವನು ಹೇಳಿದ.

ಬೆಳಿಗ್ಗೆ ಅವಳೇ ಮೊದಲು ಎದ್ದು ಚಪ್ಪಲಿ ಹುಡುಕಿದಳು. ಗದಗಿನ ಬಸ್ಸಿನಲ್ಲಿ ಅವಳಿಗೆ ಕಿಟಕಿಯ ಪಕ್ಕ ಜಾಗ ಸಿಕ್ಕಿತು, ಅವಳ ಪಕ್ಕ ಗೌಸುಸಾಬ ಕೂತ. ಎರಡು ಸೀಟು ಮುಂದೆ ಗೋಣೆಪ್ಪ ಕೂತಿದ್ದ. ಹಿಂದೆ ತಿರುಗಿ ನೋಡಲಿಲ್ಲ. ಊರು ದಾಟಿ ಕಡಲೆ ಹೊಲಗಳು ಶುರುವಾದ ಮೇಲೆ ಕಮರುನ್ನಿಸಾ ಕಿಟಕಿಯ ಕಡೆಗೇ ಮುಖ ಮಾಡಿಕೊಂಡು ಹೇಳಿದಳು.

"ನಿನ್ನಿ ನೀವು ಬರೂಕಿಂತ ಮೊದಲ ಅಂದಾನಪ್ಪನವರ ಹೆಣ್ತಿ ಶಿವಬಸವ್ವ ಬಂದಿದ್ಳು. ಆಗಿದ್ದೆಲ್ಲಾ ಹೇಳಿ ಹ್ವಾದ್ಳು."

ಬಸ್ಸು ತಗ್ಗಿನಲ್ಲಿ ಇಳಿದು ಎದ್ದಿತು. ಅವಳು ಹೊಟ್ಟೆ ಹಿಡಿದುಕೊಂಡು, ಕಣ್ಣು ಮುಚ್ಚಿ, ಅದು ಕಳೆಯುವವರೆಗೆ ಕಾದಳು.

"ಮತ್ಯಾಕ ಬಂದಿ?" ಗೌಸುಸಾಬ ಕೇಳಿದ.

"ನೀವು ಅಷ್ಟ ಮಾಡಿ ಹೇಳಿದ್ರಲ್ಲಾ, ಕಿಟಕಿ, ಫ್ಯಾನು. ಇವತ್ತೊಂದಿನ ಆ ಮಾತಿನ ಮ್ಯಾಲ ಬಂದೀನಿ." ಅವಳು ತಲೆಯನ್ನು ಅವನ ಹೆಗಲಿಗೆ ಒರಗಿಸಿದಳು. ಅದು ಭಾಳ ಹಗುರಾಗಿತ್ತು. "ನಾಡದು ಏನ ಹೇಳ್ತೀರಿ?"