ಕ್ಯಾಮೆರಾದ ಮುಚ್ಚಳ

ನಮ್ಮ ಭಾವನ ಮೇಲಿನ ಸಿಟ್ಟು ನನಗಿನ್ನೂ ಇಳಿದಿಲ್ಲ. ಸಮುದ್ರದ ತಳದಲ್ಲಿ ಹವಳ ಬದುಕಿದೆಯೋ ಸತ್ತಿದೆಯೋ ಎಂದು ನೋಡುವ ಸಂಶೋಧನಾ ದೋಣಿಯಲ್ಲಿ, ಕ್ಯಾಮೆರಾ ಒರೆಸಿ ನೀರಿಗಿಳಿಸುವ ಕೆಲಸ ಅವರದು. ಒಮ್ಮೆ ಮುಚ್ಚಳ ತೆಗೆಯದೆ ಇಳಿಸಿಬಿಟ್ಟರು. ಕ್ಯಾಮೆರಾದ ದೀಪ ಕೆಟ್ಟಿರಬೇಕೆಂದು ಎಲ್ಲರೂ ಮಧ್ಯಾಹ್ನದವರೆಗೆ ಕಪ್ಪು ಪರದೆಯನ್ನೇ ದಿಟ್ಟಿಸಿದರು. ಕ್ಯಾಮೆರಾ ಮೇಲೆ ಬಂದಾಗ ದೊಡ್ಡ ಸಾಹೇಬರು ಕೆಂಡವಾದರು.

"ಯಾವ ಪುಣ್ಯಾತ್ಮ ಇದಕ್ಕೆ ಟೋಪಿ ಹಾಕಿ ಕಳಿಸಿದ್ದು?"

ಭಾವನ ಕೆಲಸ ಹೋಗುತ್ತದೆಂದು ಹೊಸ ವಿಜ್ಞಾನಿ ಮೇಡಂ, "ನಾನೇ ಸರ್, ಮರೆತೆ" ಎಂದರು. ಭಾವ ತಲೆ ತಗ್ಗಿಸಿ ಒರೆಸುವ ಬಟ್ಟೆ ಹಿಂಡುತ್ತ ನಿಂತರು. ಸಾಹೇಬರು ಆ ಮೇಡಂ ಅವರನ್ನು ಮತ್ತೆ ದೋಣಿ ಹತ್ತಿಸಲಿಲ್ಲ.

"ಬಾಯಿಗೆ ಬೀಗ ಬಿದ್ದಿತ್ತಾ ಭಾವ?" ಎಂದು, ಇದನ್ನವರು ಮನೆಯಲ್ಲಿ ಹೇಳಿದಾಗ, ನಾನು ರೇಗಿದೆ.

"ಇನ್ನೂ ಬೈಯೋ. ನಾಳೆ ಹೇಳೋಣ ಅಂದ್ಕೊಂಡೆ, ಅಷ್ಟರಲ್ಲಿ ಮೇಡಂ ಊರೇ ಬಿಟ್ಟರು."

ಹಾಗೆ ಉಳಿದ ಕೆಲಸದ ಸಂಬಳದಲ್ಲೇ ಅಕ್ಕನ ಮನೆ ನಡೆಯುತ್ತಿದೆ. ಆ ಮೇಡಂಗೆ ಹೇಳಬೇಕಿದ್ದ 'ತಪ್ಪಾಯ್ತು' ಮಾತ್ರ ಇವತ್ತಿಗೂ ಬಾಕಿ.