ಮೆಣಸಿನ ಗೋಡೌನಿನಲ್ಲಿ ಪಾಸಾದ ಪುಸ್ತಕ

ಇವತ್ತು ಬೆಳಿಗ್ಗೆ ಆರೂವರೆಗೆ ಒಣಮೆಣಸಿನ ತೊಟ್ಟು ಮುರಿಯುತ್ತಾ ಕುಳಿತವಳಿಗೆ ಸಾಲಾಗಿ ನಾಲ್ಕು ಸೀನು ಬಂದವು. ಇದು ಶನಿವಾರದ ಕೆಲಸ. ಶುಕ್ರವಾರ ಮಾಡುವುದಿಲ್ಲ, ಭಾನುವಾರಕ್ಕೆ ಉಳಿಸುವುದಿಲ್ಲ. ನಗಬೇಡಿ. ಮೂವತ್ತೆಂಟು ವರ್ಷ ಆಸ್ಪತ್ರೆಯಲ್ಲಿ ದುಡಿದು ಮೇಟ್ರನ್ ಆಗಿ ನಿವೃತ್ತಳಾದವಳು ನಾನು. ಈಗಲೂ ನೆಂಟರ ಮನೆಯ ಮಂಚದ ಹಾಸು ಮೂಲೆಯಲ್ಲಿ ಸಡಿಲವಾಗಿದ್ದರೆ ಕೈ ತಾನಾಗಿ ಹೋಗಿ ಬಿಗಿದು ಬರುತ್ತದೆ. ನಾಲ್ಕನೆಯ ಸೀನಿಗೆ ನೆನಪಾದವರು ಬಂದರಿನ ಹಮೀದ್.

ಬಂದರಿನ ಓಣಿಯೊಂದರಲ್ಲಿ ಹಮೀದರ ಡಿಟಿಪಿ ಅಂಗಡಿ ಇತ್ತು. ನಿಕಾಹಿನ ಕಾಗದ, ದೇವಸ್ಥಾನದ ಆಮಂತ್ರಣ, ಗೋಡೌನುಗಳ ಬಿಲ್ ಪುಸ್ತಕ ಎಲ್ಲವೂ ಒಂದೇ ಮೇಜಿನ ಮೇಲೆ. ಮನೆಗಳಲ್ಲಿ ರೋಗಿಗಳನ್ನು ನೋಡಿಕೊಳ್ಳುವ ಹೆಂಗಸರಿಗಾಗಿ ನಾನೊಂದು ಕೈಪಿಡಿ ಬರೆದಿದ್ದೆ. ಅವರು ಫೋನಿನಲ್ಲೇ ಓದುವವರು, ಪಿಡಿಎಫ್ ಸಾಕಿತ್ತು. ಹಮೀದರು ಟೈಪು ಮುಗಿಸಿದರು, ನಾನು ಕರಡು ತಿದ್ದಿದೆ. ಆದರೂ ಅವರು ಪಿಡಿಎಫ್ ಮಾಡಿಕೊಡಲಿಲ್ಲ.

“ಇನ್ನು ಎರಡು ದಿನ ಉಂಟು ಸಿಸ್ಟರ್. ಹುಡುಕಿ ನೋಡ್ಲಿಕ್ಕೆ ಉಂಟು.”

“ಎಂತ ಹುಡುಕುದು? ಎಲ್ಲ ಕಣ್ಣೆದುರೇ ಉಂಟಲ್ಲ!”

ಸೋಮವಾರ ಹತ್ತು ಗಂಟೆಗೆ ಹೆಂಗಸರಿಗೆ ಅದನ್ನು ಹಂಚುತ್ತೇನೆಂದು ಮಾತು ಕೊಟ್ಟಿದ್ದೆ. ಹತ್ತು ಎಂದರೆ ನನಗೆ ಹತ್ತೇ. ಟೈಪು ಮಾಡಿದ್ದನ್ನು ಪೆನ್‌ಡ್ರೈವಿಗೆ ಹಾಕಿಸಿಕೊಂಡು ಬೇರೊಂದು ಅಂಗಡಿಗೆ ಹೋದೆ. ಅಲ್ಲಿ ಹತ್ತು ನಿಮಿಷದಲ್ಲಿ ಪಿಡಿಎಫ್ ತಯಾರಾಯಿತು. ಅಕ್ಷರಗಳು ಮುತ್ತಿನಂತೆ ಕಂಡವು. ಹಮೀದರು ನಿಧಾನದ ಮನುಷ್ಯ ಎಂದು ತೀರ್ಮಾನಿಸಿ, ಸೋಮವಾರ ಹತ್ತಕ್ಕೆ ಸರಿಯಾಗಿ ಹಂಚಿದೆ.

ಮೂರನೆಯ ವಾರ ಒಂದು ಮಧ್ಯಾಹ್ನ ಪುಷ್ಪಾಳ ಫೋನು. ಸುರತ್ಕಲ್‌ನಲ್ಲಿ ಸಕ್ಕರೆ ಕಾಯಿಲೆಯ ಅಜ್ಜಿಯೊಬ್ಬರನ್ನು ನೋಡಿಕೊಳ್ಳುತ್ತಿದ್ದವಳು.

“ಸಿಸ್ಟರ್, ಅಜ್ಜಿ ತುಂಬ ಬೆವರ್ತಿದ್ದಾರೆ, ಕೈ ನಡುಗ್ತದೆ. ನಿಮ್ಮ ಬುಕ್ಕಿನಲ್ಲಿ ಬೆವರು ಅಂತ ಹುಡುಕಿದೆ. ಎಂತದೂ ಇಲ್ಲ ಅಂತ ಬರ್ತದೆ!”

“ಎಚ್ಚರ ಉಂಟಾ? ನುಂಗ್ಲಿಕ್ಕೆ ಆಗ್ತದಾ?”

“ಉಂಟು, ನನಗೆ ಬೈತಾ ಇದ್ದಾರೆ.”

“ಹಾಗಾದ್ರೆ ಶುಗರ್ ಇಳಿದಿರ್ಬೇಕು, ಬೇಗ ಸಕ್ಕರೆ ನೀರು ಕುಡಿಸು. ಹದಿನೈದು ನಿಮಿಷ ಬಿಟ್ಟು ಶುಗರ್ ಚೆಕ್ ಮಾಡು.”

ಅಜ್ಜಿ ಚೇತರಿಸಿಕೊಂಡರು. ನಾನು ಮಾತ್ರ ಫೋನು ಹಿಡಿದೇ ಕುಳಿತಿದ್ದೆ. ಅರುವತ್ತೆರಡನೆಯ ಪುಟದಲ್ಲಿ ಅದನ್ನು ಬರೆದವಳು ನಾನೇ. ವಿಷಯಸೂಚಿಯಲ್ಲಿರುವುದು ಕಾಯಿಲೆಗಳ ಹೆಸರು. ನೋಡಿಕೊಳ್ಳುವವಳ ಕಣ್ಣಿಗೆ ಬೀಳುವುದು ಬೆವರು. ನಾನು ಆಗ ಸ್ನಾನಕ್ಕೆ ಹೋಗಿದ್ದರೆ? ವಾರ್ಡಿನಲ್ಲಿ ತುರ್ತು ಔಷಧಿಯ ಟ್ರೇಯನ್ನು ಪ್ರತಿ ಪಾಳಿಯಲ್ಲೂ ತೆರೆದು ಎಣಿಸಿಯೇ ಸಹಿ ಹಾಕಬೇಕೆಂದು ಎಷ್ಟು ನರ್ಸ್ ಹುಡುಗಿಯರನ್ನು ಬೈದು ಅಳಿಸಿದ್ದೆ! ನನ್ನ ಪುಸ್ತಕದ ಮುಚ್ಚಳವನ್ನಷ್ಟೇ ನೋಡಿ ನಾನು ಸಹಿ ಹಾಕಿದ್ದೆ.

ಮರುದಿನ ಬಂದರಿಗೆ ಹೋದೆ. ಹಮೀದರು ಆ ಇನ್ನೊಂದು ಅಂಗಡಿಯ ಪಿಡಿಎಫ್ ತೆರೆದು, ಒಂದು ಪದದ ಮೇಲೆ ಬೆರಳಿನಿಂದ ತಟ್ಟಿದರು.

“ಇದು ಅಕ್ಷರ ಅಲ್ಲ ಸಿಸ್ಟರ್, ಅಕ್ಷರದ ಚಿತ್ರ. ಪ್ರಿಂಟಿಗೆ ಒಳ್ಳೇದು. ಆದ್ರೆ ಇದ್ರಲ್ಲಿ ಬೆವರನ್ನು ಹುಡುಕುದು ಅಂದ್ರೆ ಕ್ಯಾಲೆಂಡರಿನ ಹಣ್ಣು ತಿಂದ ಹಾಗೆ.”

ಅಕ್ಷರವನ್ನು ಅಕ್ಷರವಾಗಿಯೇ ಬಿಡಬೇಕು. ಬೇಕಾದ ಫಾಂಟನ್ನು ಫೈಲಿನ ಒಳಗೇ ಕೂರಿಸಿ ಕಳಿಸಬೇಕು ಎಂದು ವಿವರಿಸಿದರು. “ಬುತ್ತಿ ಕಟ್ಟಿಕೊಟ್ಟ ಹಾಗೆ. ಹೋದ ಮನೆಯಲ್ಲಿ ಎಂತದೂ ಕೇಳ್ಲಿಕ್ಕೆ ಇಲ್ಲ.” ಬುತ್ತಿ ಇಲ್ಲದೆ ಹೋದ ಕನ್ನಡ ಎಷ್ಟೋ ಸಲ ಇನ್ನೊಬ್ಬರ ಯಂತ್ರದಲ್ಲಿ ಇಂಗ್ಲಿಷ್ ಅಕ್ಷರಗಳ ಕಿಚಡಿಯಾಗುವುದನ್ನು ನೀವೂ ನೋಡಿರಬಹುದು.

ಹೊಸ ಫೈಲು ಮಾಡಿದ ಮೇಲೆ ಅವರು ಪೆನ್‌ಡ್ರೈವನ್ನು ಅಂಗಿಯ ಕಿಸೆಗೆ ಹಾಕಿಕೊಂಡು ಎದುರಿನ ಮೆಣಸಿನ ಗೋಡೌನಿಗೆ ಹೊರಟರು. “ನಮ್ಮ ಕಂಪ್ಯೂಟರ್ ನಮಗೆ ಮುಖಸ್ತುತಿ ಮಾಡ್ತದೆ. ಅದ್ರಲ್ಲಿ ಎಲ್ಲ ಫಾಂಟೂ ಉಂಟಲ್ಲ. ಶೆಟ್ರ ಕಂಪ್ಯೂಟರ್ ಯಾರ ಮುಲಾಜಿಗೂ ಬೀಳುದಿಲ್ಲ.”

ಗೋಡೌನಿನ ಶೆಟ್ಟರು ಕುರ್ಚಿ ಬಿಟ್ಟುಕೊಟ್ಟರು. ನಾನು ಮೂಟೆಯ ಮೇಲೆ ಕುಳಿತು ರೋಗಲಕ್ಷಣದ ಪದಗಳ ಪಟ್ಟಿ ಓದಿದೆ. ಹಮೀದರು ಒಂದೊಂದನ್ನೂ ಹುಡುಕಿದರು. ಬೆವರು ಸಿಕ್ಕಿತು. ನಡುಕ ಸಿಕ್ಕಿತು. ತಲೆಸುತ್ತು ಸಿಗಲಿಲ್ಲ. ಒತ್ತಕ್ಷರ ಬಂದಲ್ಲಿ ಹುಡುಕಾಟ ಎಡವುತ್ತಿತ್ತು. ಅವರು ಎದ್ದು ಅಂಗಡಿಗೆ ಹೋಗಿ, ಬೇರೆ ಫಾಂಟು ಕೂರಿಸಿಕೊಂಡು ಬಂದು, ಮತ್ತೆ ಮೊದಲ ಪದದಿಂದ ಶುರು ಮಾಡಿದರು. ಮತ್ತೆ ಎಡವಿತು. ಮತ್ತೆ ಹೋದರು. ಸೀನುವಾಗ ಮುಖ ತಿರುಗಿಸಿ, ಸೀನಿ, “ಮುಂದಿನದ್ದು?” ಎನ್ನುತ್ತಿದ್ದರು.

“ಹಮೀದ್, ಇಷ್ಟು ಪರೀಕ್ಷೆ ಡಾಕ್ಟ್ರಿಗೂ ಇಲ್ಲ ಮಾರಾಯ,” ಎಂದರು ಶೆಟ್ಟರು.

“ಡಾಕ್ಟ್ರಿಗೆ ಇಲ್ಲದಿದ್ರೆ ಸಿಸ್ಟರ್ ಇದ್ದಾರಲ್ಲ, ಅವರು ನೋಡ್ಕೊಳ್ತಾರೆ. ನನ್ನ ಹಿಂದೆ ಯಾರಿದ್ದಾರೆ?”

ಮೂರನೆಯ ಸಲ ಪಟ್ಟಿಯ ಎಲ್ಲ ಪದಗಳೂ ಸಿಕ್ಕವು. ನನ್ನ ಅತ್ಯುತ್ತಮ ನರ್ಸುಗಳ ಕಣ್ಣಿನಲ್ಲಿ ನಾನು ಕಂಡಿದ್ದ ಸಮಾಧಾನ ಆ ಮುಖದಲ್ಲಿತ್ತು. ಅವಸರ ಮಾಡಿದ್ದು ತಪ್ಪಾಯಿತು ಎಂದೆ. ನನಗೆ ಅಷ್ಟು ಸುಲಭವಾಗಿ ಬರುವ ವಾಕ್ಯ ಅದಲ್ಲ.

“ನೀವು ಅವಸರ ಮಾಡದಿದ್ರೆ ಪೇಷಂಟ್ ಉಳೀತಾರಾ ಸಿಸ್ಟರ್? ನಮ್ಮ ಕೆಲಸದ ಹದ ಬೇರೆ, ಅಷ್ಟೆ,” ಎಂದು ಚಹಾ ತರಿಸಿದರು.

ಇದಾಗಿ ಏಳು ವರ್ಷ. ಹಮೀದರ ಅಂಗಡಿ ಈಗ ಮುಚ್ಚಿದೆ. ಅವರು ಫಾಂಟು ಕೂರಿಸಿಕೊಟ್ಟ ಪುಸ್ತಕ ಮಾತ್ರ ಫೋನಿನಿಂದ ಫೋನಿಗೆ ಹೋಗುತ್ತಲೇ ಇದೆ.

ತೊಟ್ಟು ಮುರಿದು ಮುಗಿಸಿ, ಕೈ ತೊಳೆದು ಬಂದಾಗ ಪುಷ್ಪಾಳ ಧ್ವನಿ ಸಂದೇಶ ಬಂದಿತ್ತು. ಅವಳೀಗ ಬೋಳಾರದ ಒಂದು ಮನೆಯಲ್ಲಿ ಕೆಲಸಕ್ಕಿದ್ದಾಳೆ. “ಸಿಸ್ಟರ್, ಇಲ್ಲಿಯ ಅಜ್ಜನಿಗೆ ಬೆಳಿಗ್ಗೆ ಶುಗರ್ ಇಳಿದಿತ್ತು. ಬೆವರು ಅಂತ ಹಾಕಿದೆ, ಸೀದಾ ಅರುವತ್ತೆರಡನೇ ಪೇಜಿಗೆ ಹೋಯ್ತು. ಎಚ್ಚರ ಇತ್ತು, ನುಂಗಿದ್ರು, ಹದಿನೈದು ನಿಮಿಷ ಬಿಟ್ಟು ಪುನಃ ನೋಡಿದೆ, ಸರಿ ಉಂಟು. ನೀವು ಕಾಲ್ ಮಾಡ್ಬೇಕು ಅಂತ ಇಲ್ಲ.”

ಅಷ್ಟರಲ್ಲಿ ನನ್ನ ಬೆರಳು ಅವಳ ಹೆಸರಿನ ಮೇಲಿತ್ತು. ತೆಗೆದೆ. ಮರುಪ್ರಶ್ನೆ ಕೇಳದೆ ನಾನು ಒಪ್ಪಿಕೊಂಡ ಮೊದಲ ವರದಿ ಅದು.